ಬಿಲ್ 22,821, ಕೈಗೆ 14,200: ನಡುವಿನ ದುಡ್ಡು ಎಲ್ಲಿಗೆ?

ಪ್ರಶ್ನೆ: ಏಜೆನ್ಸಿ ಮೂಲಕ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸಕ್ಕಿದ್ದೇನೆ. ಬೇಸಿಕ್-ಡಿಎ (ಮೂಲ ವೇತನ, ತುಟ್ಟಿಭತ್ಯೆ) 14,000, ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) 2,000. ಕೈಗೆ ಬರುವುದು 14,200 ರೂಪಾಯಿ. ಆದರೆ ನನ್ನ ಹೆಸರಲ್ಲಿ ಕಂಪನಿಗೆ ತಿಂಗಳಿಗೆ 22,821 ರೂಪಾಯಿ ಬಿಲ್ ಹೋಗುತ್ತಿದೆ. ಉಳಿದ ಎಂಟೂವರೆ ಸಾವಿರ ಏಜೆನ್ಸಿಯವರ ಜೇಬಿಗೇ?
– ಓದುಗ, ಹರಿಹರ

ಉತ್ತರ: ಅವರಿಗೆ ಸಿಗುವುದು ಅದರಲ್ಲಿ ಒಂದು ಸಾವಿರ. ಲೆಕ್ಕ ನೀವೇ ಹಾಕಿ ನೋಡಬಹುದು. ಬಿಲ್ಲಿನಲ್ಲಿ 18% ಜಿಎಸ್‌ಟಿ ಸೇರಿದೆ, 22,821ನ್ನು 1.18ರಿಂದ ಭಾಗಿಸಿದರೆ 19,340. ಅಂದರೆ 3,481 ರೂಪಾಯಿ ತೆರಿಗೆ. ಇದನ್ನು ಕಂಪನಿ ಸಾಮಾನ್ಯವಾಗಿ ತಾನು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಮುರಿದುಕೊಳ್ಳುತ್ತದೆ.

ನಿಮ್ಮ ಒಟ್ಟು ಸಂಬಳ 16,000. ಅದರಲ್ಲಿ ನಿಮ್ಮ ಪಿಎಫ್ 14,000ದ 12%, ಅಂದರೆ 1,680. ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) 16,000ದ 0.75%, ಅಂದರೆ 120. ಇದರ ಮೇಲೆ ಮಾಲೀಕರ (ಇಲ್ಲಿ ಏಜೆನ್ಸಿಯ) ಪಾಲು ಬೇರೆ: ಪಿಎಫ್ ಲೆಕ್ಕದಲ್ಲಿ 13%, ಅಂದರೆ 1,820, ಇಎಸ್‌ಐ 3.25%, ಅಂದರೆ 520. ಮಾಲೀಕರ ಪಾಲನ್ನು 16,000ಕ್ಕೆ ಕೂಡಿದರೆ 18,340. ಇದಕ್ಕೂ 19,340ಕ್ಕೂ ಇರುವ ವ್ಯತ್ಯಾಸವೇ ಏಜೆನ್ಸಿಯ ಸರ್ವಿಸ್ ಚಾರ್ಜ್.

ಇನ್ನೊಂದು ಗೊಂದಲ ಎಲ್ಲರಿಗೂ ಆಗುವಂಥದ್ದು. ಪಿಎಫ್ ಪಾಸ್‌ಬುಕ್‌ನಲ್ಲಿ ನಿಮ್ಮ ಪಾಲು 1,680 ಇದ್ದು, ಮಾಲೀಕರದು 514 ಮಾತ್ರ ಕಾಣುತ್ತದೆ. ಇದು ಮೋಸವಲ್ಲ. ಮಾಲೀಕರ 1,820ರಲ್ಲಿ 1,166 ಪಿಂಚಣಿಗೆ ಹೋಗುತ್ತದೆ (8.33%), 70 ವಿಮೆಗೆ, 70 ಆಡಳಿತ ವೆಚ್ಚಕ್ಕೆ. ಇಎಸ್‌ಐ ಕಾರ್ಡ್ ಮಾತ್ರ ಮರೆಯದೆ ಕೇಳಿ ಪಡೆಯಿರಿ. ತಿಂಗಳು ತಿಂಗಳು 120 ಕಟ್ಟಿಯೂ ಹೆಂಡತಿ-ಮಕ್ಕಳ ಹೆಸರು ಸೇರಿಸದೆ, ಖಾಸಗಿ ಆಸ್ಪತ್ರೆಗೆ ಸಾಲ ಮಾಡಿ ಸುರಿಯುವವರು ಬಹಳ.

ಪ್ರಶ್ನೆ: ಮೂರು ತಿಂಗಳಿಂದ ಸಂಬಳದಲ್ಲಿ ಪಿಎಫ್ ಹಿಡಿಯುತ್ತಿದ್ದಾರೆ, ಪಾಸ್‌ಬುಕ್‌ನಲ್ಲಿ ಏನೂ ಇಲ್ಲ.
– ಓದುಗಿ, ಚಿತ್ರದುರ್ಗ

ಉತ್ತರ: ಮೊದಲು ನಿಮಗೆ ಎರಡು ಯುಎಎನ್ (ಪಿಎಫ್ ಖಾತೆಯ ಕಾಯಂ ನಂಬರ್) ಆಗಿವೆಯೇ ನೋಡಿ. ಏಜೆನ್ಸಿ ಬದಲಾದಾಗ ಹಳೆಯ ನಂಬರ್ ಕೊಡದಿದ್ದರೆ ಹೊಸದೊಂದು ಹುಟ್ಟಿಕೊಂಡಿರಬಹುದು, ದುಡ್ಡು ಅಲ್ಲಿ ಕೂತಿರಬಹುದು. ಹಾಗಿಲ್ಲವಾದರೆ ಏಜೆನ್ಸಿಯಿಂದ ಆಯಾ ತಿಂಗಳ ಇಸಿಆರ್ (ಯಾರಿಗೆ ಎಷ್ಟು ಪಿಎಫ್ ಎಂಬ ವಿವರಪಟ್ಟಿ) ಪ್ರತಿ ಕೇಳಿ. ಬರೀ ಚಲನ್ ಸಾಲದು, ಅದರಲ್ಲಿ ಒಟ್ಟು ಮೊತ್ತ ಮಾತ್ರ ಇರುತ್ತದೆ. ಇಸಿಆರ್‌ನಲ್ಲಿ ನಿಮ್ಮ ಹೆಸರಿನ ಸಾಲೇ ಇರುತ್ತದೆ. ಕಟ್ಟುವ ಗಡುವು ಮುಂದಿನ ತಿಂಗಳ 15.

ಕಟ್ಟಿಯೇ ಇಲ್ಲವೆಂದಾದರೆ ಏಜೆನ್ಸಿಯ ಬಾಗಿಲಿಗೆ ಅಲೆಯಬೇಡಿ, ನೀವು ಕೆಲಸ ಮಾಡುವ ಕಂಪನಿಯ ಎಚ್‌ಆರ್‌ಗೆ ಪೇ ಸ್ಲಿಪ್ ಲಗತ್ತಿಸಿ ಬರೆದುಕೊಡಿ. ಗುತ್ತಿಗೆದಾರ ಕಟ್ಟದಿದ್ದರೆ ಮೂಲ ಮಾಲೀಕರೇ, ಅಂದರೆ ಆ ಕಂಪನಿಯವರೇ ಕಟ್ಟಬೇಕು, ಅದು ಅವರಿಗೆ ಚೆನ್ನಾಗಿ ಗೊತ್ತು. ಬಿಲ್ ತಡೆಹಿಡಿದರೆ ಏಜೆನ್ಸಿ ತಾನಾಗಿ ದಾರಿಗೆ ಬರುತ್ತದೆ. ಜೊತೆಗೇ ಪಿಎಫ್ ಸಂಸ್ಥೆಯ ಆನ್‌ಲೈನ್ ದೂರು ಪೋರ್ಟಲ್‌ನಲ್ಲೂ ದಾಖಲಿಸಿ.

ಪ್ರಶ್ನೆ: ಕಾರ್ಖಾನೆಗೆ ಜನ ಒದಗಿಸುವ ಏಜೆನ್ಸಿ ದಂಧೆ ಶುರು ಮಾಡಬೇಕೆಂದಿದ್ದೇನೆ. 50 ಜನರ ಆರ್ಡರ್ ಸಿಗುವ ಹಾಗಿದೆ. ಆಫೀಸು, ಕಂಪ್ಯೂಟರ್ ಬಿಟ್ಟರೆ ಬಂಡವಾಳ ಬೇಕೇ?
– ಓದುಗ, ದಾವಣಗೆರೆ

ಉತ್ತರ: ಬಂಡವಾಳವೇ ಈ ವ್ಯವಹಾರ, ಜನರನ್ನು ಹುಡುಕುವುದು ಆಮೇಲಿನ ಮಾತು. ಮೇಲಿನ ದರವನ್ನೇ ಹಿಡಿಯೋಣ. ಜುಲೈ ಕೆಲಸದ ಬಿಲ್ಲನ್ನು ಆಗಸ್ಟ್ 5ಕ್ಕೆ ಕೊಟ್ಟಿರಿ, ಕಂಪನಿ 60 ದಿನಕ್ಕೆ ಕೊಡುತ್ತದೆ ಎನ್ನಿ. ದುಡ್ಡು ಬರುವುದು ಅಕ್ಟೋಬರ್ 4ಕ್ಕೆ. ಅಷ್ಟರೊಳಗೆ ಆಗಸ್ಟ್ 7ಕ್ಕೊಮ್ಮೆ, ಸೆಪ್ಟೆಂಬರ್ 7ಕ್ಕೊಮ್ಮೆ ನೀವು ಸಂಬಳ ಬಟವಾಡೆ ಮಾಡಿರಬೇಕು. ಪಿಎಫ್, ಇಎಸ್‌ಐ ಸೇರಿ ತಿಂಗಳಿಗೆ 9,17,000. ಎರಡು ತಿಂಗಳಿಗೆ 18,34,000. ಸೆಪ್ಟೆಂಬರ್ 20ಕ್ಕೆ ಜಿಎಸ್‌ಟಿ 1,74,000. ಒಟ್ಟು ಇಪ್ಪತ್ತು ಲಕ್ಷ ಕೈಬಿಟ್ಟ ಮೇಲೆ ಮೊದಲ ರೂಪಾಯಿ ವಾಪಸ್. ನಿಮ್ಮ ಆದಾಯ ತಿಂಗಳಿಗೆ 50,000. ನೀವು ಸ್ವಂತ ಹೆಸರಲ್ಲಿ ನಡೆಸಿದರೆ ಅದರಲ್ಲೂ 1% ಟಿಡಿಎಸ್ (ಮುಂಗಡವಾಗಿ ಮುರಿಯುವ ಆದಾಯ ತೆರಿಗೆ) ಹಿಡಿಯುತ್ತಾರೆ, ಸರ್ವಿಸ್ ಚಾರ್ಜ್ ಮೇಲಲ್ಲ, ಜಿಎಸ್‌ಟಿ ಬಿಟ್ಟು ಪೂರ್ತಿ ಬಿಲ್ ಮೇಲೆ: 9,670. ರಿಟರ್ನ್ ಹಾಕಿ ಲೆಕ್ಕಕ್ಕೆ ತಂದುಕೊಳ್ಳುವವರೆಗೆ ಅದು ಸಿಗದು.

ಬಿಲ್ ತಾರೀಖನ್ನು ಜುಲೈ 31 ಎಂದು ಹಾಕಬೇಡಿ, ಜಿಎಸ್‌ಟಿ ಆಗಸ್ಟ್ 20ಕ್ಕೇ ಕಟ್ಟಬೇಕಾದೀತು. ಕಾರ್ಮಿಕ ಇಲಾಖೆಯ ಗುತ್ತಿಗೆ ಲೈಸೆನ್ಸ್ ಇಲ್ಲದೆ 50 ಜನರನ್ನು ಒಳಗೆ ಬಿಡಬೇಡಿ. ಹಾಜರಿ ಮಸ್ಟರ್‌ಗೆ ಶಿಫ್ಟ್ ಸೂಪರ್‌ವೈಸರ್ ಸಹಿ ಆಯಾ ದಿನವೇ ಆಗಲಿ. ತಿಂಗಳ ಕೊನೆಗೆ ಓಟಿ (ಓವರ್‌ಟೈಮ್) ಗಂಟೆ ತಾಳೆಯಾಗದಿದ್ದರೆ ಕತ್ತರಿ ಬೀಳುವುದು ನಿಮ್ಮ ಬಿಲ್ಲಿಗೆ, ಕೆಲಸಗಾರರಿಗಂತೂ ಕೊಡಲೇಬೇಕು. 60 ದಿನವನ್ನು 30ಕ್ಕೆ ಇಳಿಸಲು ಕೇಳಿ ನೋಡಿ. ಒಪ್ಪದಿದ್ದರೆ 20 ಜನರಿಂದ ಶುರು ಮಾಡಿ, ಎಂಟು ಲಕ್ಷದಲ್ಲಿ ನಡೆಯುತ್ತದೆ.