ವಿಭಜನೆಯ ಕಥೆಗಳಲ್ಲಿ ಆಘಾತವನ್ನು ಎಲ್ಲಿ ಹುಡುಕಬೇಕು?

ಭಾರತ ವಿಭಜನೆಯ ಕಥೆಗಳಲ್ಲಿ ಗೊಂದಲ, ಆಘಾತದ ಬಗ್ಗೆ ಪ್ರಬಂಧ ಬರೆಯಬೇಕು, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ. ರಕ್ತಪಾತದ ದೃಶ್ಯಗಳಿಂದ ಬೇಡ. ಪಾತ್ರಗಳ ಮಾತು ಎಲ್ಲಿ ಕೆಡುತ್ತದೆ, ಎಲ್ಲಿ ನಿಂತುಹೋಗುತ್ತದೆ ಎಂದು ಗುರುತು ಹಾಕುತ್ತಾ ಓದಿ. ಆಘಾತ ಅಡಗಿರುವುದು ಅಲ್ಲೇ.

ಉರ್ದು ಕಥೆಗಾರ ಸಾದತ್ ಹಸನ್ ಮಂಟೋ ಅವರ 'ಟೋಬಾ ಟೇಕ್ ಸಿಂಗ್' ನೋಡಿ. ಲಾಹೋರಿನ ಹುಚ್ಚಾಸ್ಪತ್ರೆಯಲ್ಲಿ 15 ವರ್ಷದಿಂದ ನಿಂತೇ ಇರುವ ಬಿಶನ್ ಸಿಂಗ್ ಅರ್ಥವಿಲ್ಲದ ಒಂದು ಸಾಲನ್ನು ಗೊಣಗುತ್ತಿರುತ್ತಾನೆ. ಮುಂದೆ ಆ ಸಾಲಿನ ಕೊನೆಯ 'ಲಾಟೀನು' ಹೋಗಿ 'ಪಾಕಿಸ್ತಾನ ಸರ್ಕಾರ' ಬರುತ್ತದೆ, ಆಮೇಲೆ 'ಟೋಬಾ ಟೇಕ್ ಸಿಂಗ್ ಸರ್ಕಾರ'. ಈ ಬದಲಾವಣೆಗಳನ್ನು ಒಂದರ ಕೆಳಗೊಂದು ಬರೆದುಕೊಳ್ಳಿ. ಪ್ರಬಂಧದ ಬೆನ್ನೆಲುಬು ಸಿಕ್ಕಂತೆ. ಅನುವಾದದಲ್ಲಿ ಓದುವಾಗ ಆ ಸಾಲನ್ನು ಅನುವಾದಕರು ತಿದ್ದಿ ನಯ ಮಾಡಿಲ್ಲವೇ ಎಂದೂ ಗಮನಿಸಿ. ತನ್ನೂರು ಟೋಬಾ ಟೇಕ್ ಸಿಂಗ್ ಈಗ ಯಾವ ದೇಶದಲ್ಲಿದೆ ಎಂಬ ಅವನ ಪ್ರಶ್ನೆಯಂತೂ ಹುಚ್ಚಲ್ಲ. ಎರಡು ದೇಶಗಳನ್ನು ಬೇರ್ಪಡಿಸಿದ ರ‍್ಯಾಡ್‌ಕ್ಲಿಫ್ ಗಡಿರೇಖೆ ಪ್ರಕಟವಾದದ್ದೇ 1947ರ ಆಗಸ್ಟ್ 17ರಂದು, ಸ್ವಾತಂತ್ರ್ಯ ಬಂದ ಮೇಲೆ.

ಮಂಟೋ ಅವರದೇ 'ಖೋಲ್ ದೋ' (ತೆರೆಯಿರಿ) ಕಥೆಯ ಕೊನೆಯಲ್ಲಿ ಕಿಟಕಿ ತೆರೆಯಿರಿ ಎಂಬ ವೈದ್ಯರ ಮಾತು ಅತ್ಯಾಚಾರಕ್ಕೊಳಗಾದ ಸಕೀನಾಳಿಗೆ ಬಟ್ಟೆ ಬಿಚ್ಚು ಎಂಬ ಆಜ್ಞೆಯಾಗಿ ಕೇಳಿಸುತ್ತದೆ. ಮಗಳ ಕೈ ಆಡಿತು, ಜೀವವಿದೆ ಎಂಬುದಷ್ಟೇ ತಂದೆಯ ಕಣ್ಣಿಗೆ ಬೀಳುತ್ತದೆ.

ರಾಜಿಂದರ್ ಸಿಂಗ್ ಬೇಡಿಯವರ 'ಲಾಜವಂತಿ' ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ನೋವಿನದು. ಅಪಹರಣಕ್ಕೊಳಗಾಗಿ ಮರಳಿದ ಹೆಂಡತಿ ಲಾಜವಂತಿಯನ್ನು (ಲಾಜೋ) ಹಿಂದೆ ಹೊಡೆಯುತ್ತಿದ್ದ ಸುಂದರಲಾಲ್ ಈಗ 'ದೇವಿ' ಎನ್ನುತ್ತಾನೆ, ಅವಳ ಕಥೆಯನ್ನು ಮಾತ್ರ ಕೇಳಿಸಿಕೊಳ್ಳುವುದಿಲ್ಲ. ಅವಳಿಗೆ ಬೇಕಿದ್ದದ್ದು ಮತ್ತೆ ಹಳೆಯ ಲಾಜೋ ಆಗುವುದು. ಇದರ ಪಕ್ಕದಲ್ಲಿ, ಅಪಹೃತರನ್ನು ಪತ್ತೆ ಮಾಡಿ ಮರಳಿಸಲು 1949ರಲ್ಲಿ ಭಾರತ ಮಾಡಿದ ಕಾನೂನನ್ನೂ ಇಟ್ಟು ಓದಿ. ಆ ಹೆಣ್ಣುಮಕ್ಕಳಿಗೆ ಹಿಂತಿರುಗಲು ಇಷ್ಟವಿದೆಯೇ ಎಂಬುದು ಅದರಲ್ಲಿ ನಿರ್ಣಾಯಕವಾಗಿರಲಿಲ್ಲ. ಸುಂದರಲಾಲನ ಕಿವುಡು ಅವನೊಬ್ಬನದಲ್ಲ ಎಂದು ಆಗ ತಿಳಿಯುತ್ತದೆ.

ಗೊಂದಲದ ವಿಷಯದಲ್ಲಿ ಹೆಚ್ಚಿನವರು ಎಡವುವುದು 'ಎಲ್ಲರಿಗೂ ಹುಚ್ಚು ಹಿಡಿಯಿತು' ಎಂದು ಬರೆದುಬಿಡುವುದರಲ್ಲಿ. ಹಾಗೆ ಬರೆದರೆ ಬೆಂಕಿ ಹಚ್ಚಿದವರು ತಪ್ಪಿಸಿಕೊಳ್ಳುತ್ತಾರೆ. ಭೀಷ್ಮ ಸಾಹನಿಯವರ 'ತಮಸ್' ಕಾದಂಬರಿಯಲ್ಲಿ ಮುರಾದ್ ಅಲಿ, ಪಶುವೈದ್ಯರಿಗೆ ಬೇಕು ಎಂದು ನಂಬಿಸಿ ಐದು ರೂಪಾಯಿಗೆ ನತ್ಥುವಿನ ಕೈಯಲ್ಲಿ ಹಂದಿ ಕೊಲ್ಲಿಸುತ್ತಾನೆ. ಅದು ಮಸೀದಿಯ ಮೆಟ್ಟಿಲ ಮೇಲೆ ಬೀಳುತ್ತದೆ, ಊರು ಹೊತ್ತಿಕೊಳ್ಳುತ್ತದೆ. ಕೊನೆಯ ಪುಟಗಳಲ್ಲಿ ಶಾಂತಿಯಾತ್ರೆಯ ಬಸ್ಸು ಹೊರಡುತ್ತದೆಯಲ್ಲ, ಅದರಲ್ಲಿ ಕೂತು ಘೋಷಣೆ ಕೂಗುವವನೂ ಅದೇ ಮುರಾದ್ ಅಲಿ.