ಕ್ಯಾಮೆರಾ ದುಡ್ಡಿಗೆ ಲೆಕ್ಕ ಕೇಳಬೇಡಿ

ಓದುಗರ ಪ್ರಶ್ನೆಗೆ ಆಡಿಟರ್ ಉತ್ತರ

ಹೊಸದಾಗಿ ಮದುವೆಯಾದವರು ನನಗೆ ಕೇಳುವುದು ಸಾಮಾನ್ಯವಾಗಿ ಒಂದೇ ಪ್ರಶ್ನೆ. ಹೆಂಡತಿ ಹೆಸರಲ್ಲಿ ದುಡ್ಡಿಟ್ಟರೆ ತೆರಿಗೆ ಎಷ್ಟು ಉಳಿಯುತ್ತೆ? ಉತ್ತರ ಹೇಳಿ ಹೇಳಿ ಸಾಕಾಗಿದೆ. ಅದು ಕೊನೆಗಿರಲಿ. ಈ ಸಲ ಒಬ್ಬರು ಕೇಳಬೇಕಾದ್ದನ್ನೇ ಕೇಳಿದ್ದಾರೆ.

ಪ್ರಶ್ನೆ: ನಮ್ಮ ಮದುವೆಯಾಗಿ 11 ತಿಂಗಳಾಯಿತು. ಬೆಂಗಳೂರಿನಲ್ಲಿ ಬಾಡಿಗೆ ಮನೆ. ಗಂಡನ ಕೈಗೆ ತಿಂಗಳಿಗೆ 85,000, ನನ್ನ ಕೈಗೆ 55,000 ರೂಪಾಯಿ ಬರುತ್ತದೆ. ಮನೆ ಖರ್ಚು ಸುಮಾರು 70,000. ಅದು ಅರ್ಧರ್ಧ. ಅಮ್ಮನಿಗೆ 10,000 ಕಳಿಸಿದ ಮೇಲೆ ನನ್ನ ಹತ್ತಿರ ಹೆಚ್ಚೇನೂ ಉಳಿಯುವುದಿಲ್ಲ. ಅವರು ರಜೆ ಸಿಕ್ಕಿದರೆ ಹಕ್ಕಿ ಫೋಟೊ ತೆಗೆಯಲು ರಂಗನತಿಟ್ಟು, ಕಬಿನಿ ಅಂತ ಹೊರಡುತ್ತಾರೆ. ಹೋದ ತಿಂಗಳು 60,000ದ ಲೆನ್ಸ್ ತಂದರು. ನಾನು ವೀಣೆ ಪಾಠಕ್ಕೆ ಸೇರುತ್ತೇನೆ ಅಂದರೆ ‘ಈಗಲೇ ಬೇಕಾ’ ಅನ್ನುತ್ತಾರೆ. ಜಗಳವೇ ಬೇಡ, ಎರಡೂ ಸಂಬಳ ಒಂದೇ ಜಾಯಿಂಟ್ ಅಕೌಂಟಿಗೆ ಹಾಕೋಣ ಅನ್ನುವುದು ಅವರ ಸಲಹೆ. ಹಾಕಲಾ?

ಉತ್ತರ: ಬೇಡಮ್ಮ. ಎಲ್ಲವನ್ನೂ ಒಂದೇ ಡಬ್ಬಿಗೆ ಸುರಿದರೆ ಜಗಳ ನಿಲ್ಲುವುದಿಲ್ಲ, ಪ್ರತಿ ಬಿಲ್ಲಿಗೂ ಒಂದೊಂದು ಶುರುವಾಗುತ್ತದೆ.

ನಿಮ್ಮ ಮನೆಯ ತೊಂದರೆ ಲೆನ್ಸ್ ಅಲ್ಲ, ಆ ‘ಅರ್ಧರ್ಧ’. ಕೇಳುವುದಕ್ಕೆ ನ್ಯಾಯ ಅನ್ನಿಸುತ್ತದೆ, ಅಲ್ವಾ? 35,000 ಕೊಟ್ಟ ಮೇಲೆ ಅವರಿಗೆ 50,000 ಉಳಿಯುತ್ತದೆ, ನಿಮಗೆ 20,000. ಅದರ ಬದಲು ಸಂಬಳಕ್ಕೆ ತಕ್ಕ ಹಾಗೆ ಹಂಚಿ. ಅವರು 42,500, ನೀವು 27,500. ಜಾಯಿಂಟ್ ಅಕೌಂಟ್ ಬೇಕು, ಆದರೆ ಇಷ್ಟಕ್ಕೆ ಮಾತ್ರ. ಬಾಡಿಗೆ, ದಿನಸಿ, ಕರೆಂಟ್ ಬಿಲ್, ಕೆಲಸದವರ ಸಂಬಳ ಅದರಿಂದ ಹೋಗಲಿ. ಮಿಕ್ಕಿದ್ದು ಅವರವರ ಅಕೌಂಟಿನಲ್ಲೇ ಇರಲಿ.

ಹವ್ಯಾಸಕ್ಕೆ ಮಾತ್ರ ಈ ಲೆಕ್ಕ ತರಬೇಡಿ. ಸಂಬಳ ಜಾಸ್ತಿ ಅಂತ ಅವರ ಹಕ್ಕಿಗೆ ಜಾಸ್ತಿ, ನಿಮ್ಮ ವೀಣೆಗೆ ಕಮ್ಮಿ ಅನ್ನುವ ನ್ಯಾಯ ನನಗೆ ಒಪ್ಪಿಗೆಯಿಲ್ಲ. ಇಬ್ಬರಿಗೂ ಸಮಸಮ, ತಿಂಗಳಿಗೆ ಐದೈದು ಸಾವಿರ ಅಂತಿಟ್ಟುಕೊಳ್ಳಿ. ಆ ದುಡ್ಡು ಏನಾಯಿತು ಅಂತ ಅವರೂ ಕೇಳಬಾರದು, ನೀವೂ ಕೇಳಬಾರದು. 60,000ದ ಲೆನ್ಸ್ ಬೇಕಾದರೆ 12 ತಿಂಗಳು ಕೂಡಿಡಲಿ. ಇಎಂಐ ಬೇಡ. ಹಕ್ಕಿ ಎಲ್ಲಿಗೂ ಹೋಗುವುದಿಲ್ಲ, ಹೋದರೂ ಮುಂದಿನ ವರ್ಷ ಬರುತ್ತದೆ.

ಈ 11 ತಿಂಗಳ ಖರ್ಚು ನೋಡಿ ಹೆದರಬೇಡಿ ಕೂಡ. ಮಂಚ, ಕುಕ್ಕರ್, ಪರದೆ, ಆಷಾಢಕ್ಕೆ ತವರಿಗೆ ಓಡಾಟ, ಮೊದಲ ಗೌರಿ ಹಬ್ಬ, ಮೊದಲ ದೀಪಾವಳಿ, ಬಂದ ಮುಯ್ಯಿ ತೀರಿಸಲು ಊರೂರಿನ ಮದುವೆ. ಮೊದಲ ವರ್ಷ ಎಲ್ಲರ ಮನೆಯಲ್ಲೂ ಹೀಗೇ. ಎರಡನೇ ವರ್ಷದ ಲೆಕ್ಕವೇ ನಿಮ್ಮ ನಿಜವಾದ ಲೆಕ್ಕ. ಅಲ್ಲಿಯವರೆಗೆ ಫ್ಲಾಟ್, ಸೈಟು ಅಂತ ಸಾಲಕ್ಕೆ ಕೈಹಾಕಬೇಡಿ. ಈ ವಿಷಯದಲ್ಲಿ ನಾನು ಸ್ವಲ್ಪ ಪುಕ್ಕಲ, ಒಪ್ಪಿಕೊಳ್ಳುತ್ತೇನೆ.

ಇನ್ನೊಂದು. 11 ತಿಂಗಳಾಯಿತು ಅಂದರೆ ಬಾಡಿಗೆ ಕರಾರು ಹೊಸದಾಗಿ ಬರೆಸುವ ಹೊತ್ತು. ಅಡ್ವಾನ್ಸಿನಲ್ಲಿ ನಿಮ್ಮ ದುಡ್ಡೂ ಇದ್ದರೆ ಈ ಸಲ ಕರಾರಿನಲ್ಲಿ ಇಬ್ಬರ ಹೆಸರೂ ಇರಲಿ.

ಈಗ ನೀವು ಕೇಳದೇ ಇರುವ ಮಾತು, ಯಾರೂ ಕೇಳದ ಮಾತು: ಪಿಎಫ್ ನಾಮಿನೇಷನ್. ಕೆಲಸಕ್ಕೆ ಸೇರಿದ ದಿನ ಅಮ್ಮನ ಹೆಸರೋ ಅಪ್ಪನ ಹೆಸರೋ ಬರೆದಿರುತ್ತೀರಿ. ಮದುವೆಯಾದ ಮೇಲೆ ಅದು ಲೆಕ್ಕಕ್ಕಿಲ್ಲ, ಹೊಸದಾಗಿ ಬರೆಯಬೇಕು ಅನ್ನುತ್ತದೆ ಪಿಎಫ್ ನಿಯಮ. ಕೆಲಸದಲ್ಲಿರುವಾಗಲೇ ಜೀವ ಹೋದರೆ ಪಿಎಫ್ ಜೊತೆಗೆ 7 ಲಕ್ಷದವರೆಗೆ ವಿಮೆಯೂ ಬರುತ್ತದೆ. ಅದೂ ಇದೇ ನಾಮಿನೇಷನ್ ಹಿಡಿದು ಹೋಗುತ್ತದೆ. ನನ್ನ ಕ್ಲೈಂಟ್ ಒಬ್ಬ ಮದುವೆಯಾದ ಎರಡನೇ ವರ್ಷ ಬೈಕಿನಿಂದ ಬಿದ್ದು ತೀರಿಕೊಂಡ. ನಾಮಿನೇಷನ್ ಬದಲಾಯಿಸಿರಲಿಲ್ಲ. ಅವನ ತಾಯಿ, ಹೆಂಡತಿ ನನ್ನ ಆಫೀಸಿನ ಬೆಂಚಿನ ಎರಡು ತುದಿಗೆ ಕೂತಿದ್ದರು. ಅಂತ್ಯಕ್ರಿಯೆಯಲ್ಲಿ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತವರು ಅವರೇ. ಆಧಾರ್‌ಗೆ ಸೇರಿಸಿದ ಮೊಬೈಲ್ ಮತ್ತು ಫೋಟೊ ಇದ್ದರೆ ಪಿಎಫ್ ವೆಬ್‌ಸೈಟಿನಲ್ಲಿ ಮನೆಯಲ್ಲೇ ಕೂತು ಮಾಡಬಹುದು. ನಿಮ್ಮನ್ನೇ ನಂಬಿಕೊಂಡಿರುವ ಅಮ್ಮನ ಹೆಸರನ್ನೂ ಪಾಲು ಬರೆದು ಸೇರಿಸಬಹುದು. ಇಬ್ಬರೂ ಈ ಭಾನುವಾರವೇ ಮಾಡಿ. ಹಕ್ಕಿ, ವೀಣೆ ಎರಡೂ ಆಮೇಲೆ.

ಪ್ರಶ್ನೆ: ಹೆಂಡತಿಗೆ ಕೆಲಸವಿಲ್ಲ. ಅವಳ ಹೆಸರಲ್ಲಿ 10 ಲಕ್ಷ ಎಫ್‌ಡಿ ಇಟ್ಟರೆ ಬಡ್ಡಿಗೆ ತೆರಿಗೆ ಇಲ್ಲವಂತೆ?

ಉತ್ತರ: ಯಾರು ಹೇಳಿದ್ದು? ರೀಲ್ಸ್ ಪಂಡಿತರಾ? ಗಂಡ ಕೊಟ್ಟ ದುಡ್ಡಿನ ಬಡ್ಡಿ ಗಂಡನ ಆದಾಯಕ್ಕೇ ಸೇರುತ್ತದೆ. ಕಾನೂನು ಇವತ್ತು ನಿನ್ನೆಯದಲ್ಲ. ನೋಟಿಸ್ ಬಂದ ದಿನ ಆ ಪಂಡಿತರು ಫೋನ್ ಎತ್ತುವುದಿಲ್ಲ, ನಾನೇ ಎತ್ತಬೇಕು.

ಪ್ರಶ್ನೆ: ಮುಯ್ಯಿ ದುಡ್ಡಿಗೆ ತೆರಿಗೆ ಇದೆಯಾ?

ಉತ್ತರ: ಮದುವೆಯಲ್ಲಿ ಗಂಡು ಹೆಣ್ಣಿಗೆ ಬಂದ ಉಡುಗೊರೆಗೆ ಇಲ್ಲ. ಅದನ್ನು ಬ್ಯಾಂಕಿನಲ್ಲಿಟ್ಟು ಬಂದ ಬಡ್ಡಿಗೆ ಇದೆ. ಮುಯ್ಯಿ ಪುಸ್ತಕ ಎಸೆಯಬೇಡಿ. ದುಡ್ಡು ಎಲ್ಲಿಂದ ಬಂತು ಅಂದಾಗ ತೋರಿಸಲು ಬೇಕು.

ಪ್ರಶ್ನೆ: ಮದುವೆಯಾದವಳು 500 ಗ್ರಾಂಗಿಂತ ಜಾಸ್ತಿ ಚಿನ್ನ ಇಟ್ಟುಕೊಂಡರೆ ಅಪರಾಧವಾ?

ಉತ್ತರ: ಅಲ್ಲ. ರೇಡಿಗೆ ಬಂದವರು ಅಷ್ಟರವರೆಗೆ ಜಪ್ತಿ ಮಾಡಬೇಡಿ ಅಂತ 1994ರಲ್ಲಿ ಅಧಿಕಾರಿಗಳಿಗೆ ಕೊಟ್ಟ ಸೂಚನೆ ಅದು. ಎಲ್ಲಿಂದ ಬಂತು ಅಂತ ತೋರಿಸಿದರೆ ಎಷ್ಟಿದ್ದರೂ ಸರಿ.

ಪ್ರಶ್ನೆ: ಪ್ಯಾನ್ ಕಾರ್ಡಿನಲ್ಲಿ ಗಂಡನ ಹೆಸರು ಹಾಕಿಸಲೇಬೇಕಾ?

ಉತ್ತರ: ಬೇಡ. ಮದುವೆಯಾದ ಮೇಲೂ ಅದರಲ್ಲಿ ಇರುವುದು ಸಾಮಾನ್ಯವಾಗಿ ಅಪ್ಪನ ಹೆಸರೇ.

ಪ್ರಶ್ನೆ: ವಾರಕ್ಕೆ ನಾಲ್ಕು ಕೇಕ್ ಮಾಡಿ ಮಾರುತ್ತೇನೆ. ಸುಮ್ನೆ ಹವ್ಯಾಸ ಅಷ್ಟೇ. ಇದನ್ನೂ ರಿಟರ್ನ್‌ನಲ್ಲಿ ತೋರಿಸಬೇಕಾ?

ಉತ್ತರ: ದುಡ್ಡು ತಗೊಂಡ ಮೇಲೆ ಎಂಥ ಹವ್ಯಾಸ? ತೋರಿಸಿ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿಯನ್ನೂ ಮಾಡಿಸಿ.

ಪ್ರಶ್ನೆ: ಮದುವೆಯಾದ ವಾರವೇ ಸೋದರಮಾವ ಬಂದು ಇಬ್ಬರಿಗೂ 20 ವರ್ಷದ ವಿಮೆ ಪಾಲಿಸಿ ಮಾಡಿಸಿದರು. ಕಂತು ಕಟ್ಟುವುದು ಕಷ್ಟ. ಏನು ಮಾಡಲಿ?

ಉತ್ತರ: ಪಾಲಿಸಿ ಕೈಸೇರಿ 30 ದಿನ ಆಗಿಲ್ಲ ಅಂದರೆ ವಾಪಸ್ ಕೊಡಿ. ಒಂದಿಷ್ಟು ಹಿಡಿದುಕೊಂಡು ಮಿಕ್ಕ ದುಡ್ಡು ಕೊಡುತ್ತಾರೆ. ಮಾವನಿಗೆ ಬೇಜಾರಾಗುತ್ತದೆ. ಆಗಲಿ.