ಹಾಲ್‌ನ ಟಿವಿಗೆ ಪಿಸಿ ಗೇಮ್ ಆಡುವ ಕನ್ಸೋಲ್ ತೆಗೆದುಕೊಳ್ಳಬಹುದಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಮನೆ ಉಡುಪಿಯಲ್ಲಿ, ಹಾಲ್‌ನಲ್ಲಿ 55 ಇಂಚಿನ ಟಿವಿ ಉಂಟು. ಕಾಲೇಜಿನ ಸಮಯದಿಂದ ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ತೆಗೆದುಕೊಂಡ ಪಿಸಿ ಗೇಮ್‌ಗಳು ಒಂದು ರಾಶಿ ಉಂಟು, ಆದರೆ ಹಳೆ ಲ್ಯಾಪ್‌ಟಾಪ್‌ಗೆ ಇನ್ನು ತಾಕತ್ತಿಲ್ಲ. ಸ್ಟೀಮ್ ನಡೆಸುವ ವಾಲ್ವ್ ಕಂಪನಿಯ ಸ್ಟೀಮ್ ಮಶೀನ್, ಅಂದರೆ ಟಿವಿಗೆ ಹಾಕಿ ಪಿಸಿ ಗೇಮ್ ಆಡುವ ಡಬ್ಬವನ್ನು, ದುಬೈಯಲ್ಲಿರುವ ಭಾವನ ಕೈಯಲ್ಲಿ ತರಿಸುವುದಾ, ಇಲ್ಲ ಸುಮ್ನೆ ಸೋನಿಯ ಪಿಎಸ್5 ಕನ್ಸೋಲ್ ತೆಗೆದುಕೊಳ್ಳುವುದಾ ಅಂತ ಕೇಳಿದ್ದೀರಿ. ತಮ್ಮನಿಗೆ ಮೇಲಿನ ಕೋಣೆಯಲ್ಲಿ ಬೇರೆ ಗೇಮಿಂಗ್ ಪಿಸಿ ಉಂಟು, ಅವನು ವ್ಯಾಲರೆಂಟ್ ಅನ್ನುವ ಆನ್‌ಲೈನ್ ಶೂಟಿಂಗ್ ಗೇಮ್ ಮತ್ತು ಎಫ್‌ಸಿ ಅನ್ನುವ ಫುಟ್‌ಬಾಲ್ ಗೇಮ್ ಆಡುತ್ತಾನೆ ಅಂತ ಕೊನೆಗೆ ಒಂದು ಸಾಲು ಸೇರಿಸಿದ್ದೀರಿ. ನಿಜ ಹೇಳಬೇಕೆಂದರೆ ಆ ಕೊನೆಯ ಸಾಲಿನ ಮೇಲೇ ಅರ್ಧ ಉತ್ತರ ನಿಂತಿದೆ.

ಪಿಸಿ ಗೇಮ್‌ಗಳನ್ನು ಹಾಲ್‌ಗೆ ತರುವ ಯೋಚನೆ ಸರಿಯಾಗಿಯೇ ಉಂಟು. ಆದರೆ ಆ ಡಬ್ಬವನ್ನೇ ಹೊರಗಿನಿಂದ ತರಿಸಬೇಡಿ.

ಯೋಚನೆ ಯಾಕೆ ಸರಿ ಅಂದರೆ, ನಿಮ್ಮ ದುಡ್ಡು ಹೋಗಿರುವುದು ಗೇಮ್‌ಗಳಿಗೆ, ಡಬ್ಬಕ್ಕಲ್ಲ. ಪಿಎಸ್3 ಡಿಸ್ಕ್ ಇಟ್ಟುಕೊಂಡವರನ್ನು ಕೇಳಿ, ಅದನ್ನು ಪಿಎಸ್5ಗೆ ಹಾಕಿದರೆ ಓಡುವುದಿಲ್ಲ. ಸ್ಟೀಮ್‌ನಲ್ಲಿ ಹತ್ತು ವರ್ಷ ಹಿಂದೆ ತೆಗೆದುಕೊಂಡ ಗೇಮ್ ಹೊಸ ಮಶೀನ್‌ನಲ್ಲೂ ನಿಮ್ಮ ಅಕೌಂಟ್‌ನಲ್ಲಿ ಹಾಗೇ ಇರುತ್ತದೆ, ಹೆಚ್ಚಿನವು ಓಡುತ್ತವೆ ಕೂಡ. ಆನ್‌ಲೈನ್‌ನಲ್ಲಿ ಬೇರೆಯವರ ಜೊತೆ ಆಡಲು ವರ್ಷ ವರ್ಷ ಚಂದಾ ಕಟ್ಟಬೇಕಾಗಿಲ್ಲ. ಪಿಎಸ್5ನಲ್ಲಿ ದುಡ್ಡು ಕೊಟ್ಟು ತೆಗೆದುಕೊಂಡ ಗೇಮ್‌ಗೂ ಅದಕ್ಕೆ ಪ್ಲೇಸ್ಟೇಷನ್ ಪ್ಲಸ್ ಅನ್ನುವ ಚಂದಾ ಬೇಕು. ಸ್ಟೀಮ್‌ನಲ್ಲಿ ಬೆಲೆ ರೂಪಾಯಿಯಲ್ಲೇ ಇರುತ್ತದೆ. ಜೂನ್ ಕೊನೆಯ ಮತ್ತು ಡಿಸೆಂಬರಿನ ಸೇಲ್‌ಗಳಲ್ಲಿ ಹಳೆ ದೊಡ್ಡ ಗೇಮ್‌ಗಳು ಒಂದು ಊಟದ ದುಡ್ಡಿಗೆ ಬರುತ್ತವೆ. 14 ದಿನದ ಒಳಗೆ, 2 ಗಂಟೆಗಿಂತ ಕಮ್ಮಿ ಆಡಿದ್ದರೆ ದುಡ್ಡು ವಾಪಸ್. ಇನ್ನು ಸ್ಟೀಮ್ ಫ್ಯಾಮಿಲೀಸ್ ಅಂತ 2024ರಲ್ಲಿ ಬಂತಲ್ಲ, ಅದರಲ್ಲಿ ಒಂದೇ ಮನೆಯ 6 ಜನರವರೆಗೆ ಲೈಬ್ರರಿ ಹಂಚಿಕೊಳ್ಳಬಹುದು. ನೀವು ಒಂದು ಗೇಮ್ ಆಡುತ್ತಿರುವಾಗಲೇ ತಮ್ಮ ನಿಮ್ಮ ಲೈಬ್ರರಿಯ ಇನ್ನೊಂದನ್ನು ಆಡಬಹುದು. ಅಣ್ಣ ತಮ್ಮ ಇರುವ ಮನೆಗೆ ಇದು ಸಣ್ಣ ಲಾಭವಲ್ಲ.

ಈ ಐಡಿಯಾ ಹೊಸತಲ್ಲ, ಒಮ್ಮೆ ಬಂದು ಸೋತದ್ದು. 2015ರಲ್ಲಿ ಬೇರೆ ಬೇರೆ ಕಂಪನಿಗಳು ಸ್ಟೀಮ್ ಮಶೀನ್ ಹೆಸರಲ್ಲಿ ಡಬ್ಬಗಳನ್ನು ಮಾರಿದ್ದವು. ಒಳಗೆ ಇದ್ದದ್ದು ವಿಂಡೋಸ್ ಅಲ್ಲ, ಲಿನಕ್ಸ್ ಅನ್ನುವ ಬೇರೆ ಆಪರೇಟಿಂಗ್ ಸಿಸ್ಟಮ್, ಆಗ ಲಿನಕ್ಸ್‌ಗೆ ಬರೆದ ಗೇಮ್‌ಗಳು ಬಹಳ ಕಮ್ಮಿ. ಯಾರು ತೆಗೆದುಕೊಳ್ಳುತ್ತಾರೆ ಹೇಳಿ. 2018ರಲ್ಲಿ ವಾಲ್ವ್‌ನವರು ಪ್ರೋಟಾನ್ ತಂದರು. ವಿಂಡೋಸ್‌ಗೆ ಬರೆದ ಗೇಮ್ ಕೇಳುವುದನ್ನೆಲ್ಲ ಓಡುವಾಗಲೇ ಲಿನಕ್ಸ್‌ಗೆ ಅರ್ಥವಾಗುವ ಹಾಗೆ ಬದಲಿಸಿ ಕೊಡುವ ಸಾಫ್ಟ್‌ವೇರ್ ಅದು. ಚಿತ್ರ ತೋರಿಸಲು ವಿಂಡೋಸ್‌ನ ಡೈರೆಕ್ಟ್‌ಎಕ್ಸ್‌ನಲ್ಲಿ ಕೇಳಿದ್ದನ್ನು ಲಿನಕ್ಸ್‌ನಲ್ಲೂ ನಡೆಯುವ ವಲ್ಕನ್‌ಗೆ ತಿರುಗಿಸುತ್ತದೆ. ಗೇಮ್ ಮಾಡಿದವರು ಏನೂ ಬದಲಾಯಿಸಬೇಕಾಗಿಲ್ಲ. 2022ರಲ್ಲಿ ಬಂದ, ಕೈಯಲ್ಲಿ ಹಿಡಿದು ಆಡುವ ವಾಲ್ವ್‌ನ ಸ್ಟೀಮ್ ಡೆಕ್ ಗೆದ್ದದ್ದು ಇದರಿಂದಲೇ. 2025ರ ನವೆಂಬರಿನಲ್ಲಿ ಘೋಷಿಸಿದ ಹೊಸ ಸ್ಟೀಮ್ ಮಶೀನ್ ಸಹ ಅದೇ ದಾರಿಯದ್ದು: 6 ಕೋರ್‌ನ ಎಎಂಡಿ ಪ್ರೊಸೆಸರ್, 16 ಜಿಬಿ ರ‍್ಯಾಮ್, ಗ್ರಾಫಿಕ್ಸ್‌ಗೆ ಬೇರೆಯೇ 8 ಜಿಬಿ, ಸುಮಾರು 6 ಇಂಚಿನ ಚೌಕ ಡಬ್ಬ. ಫೋರ್‌ಕೆ 60, ಅಂದರೆ ಸೆಕೆಂಡಿಗೆ 60 ಫೋರ್‌ಕೆ ಚಿತ್ರ ಅಂತ ಅವರು ಹೇಳುವುದು ಅಪ್‌ಸ್ಕೇಲ್ ಮಾಡಿ. ಚಿಕ್ಕ ಚಿತ್ರ ತಯಾರಿಸಿ ದೊಡ್ಡದು ಮಾಡುವುದು. ಎಂಟು ಅಡಿ ದೂರದ ಸೋಫಾದಿಂದ ನೋಡಿದರೆ ಅದು ಚೆನ್ನಾಗಿಯೇ ಕಾಣುತ್ತದೆ, ನನಗೆ ಅದರ ಬಗ್ಗೆ ತಕರಾರಿಲ್ಲ.

ನನಗೆ ಆ ಡಬ್ಬದಲ್ಲಿ ನಿಜವಾಗಿ ಇಷ್ಟವಾದದ್ದು ಬೇರೆ. ನಾನು ಸುರತ್ಕಲ್‌ನಲ್ಲಿ ಇರುವುದು, ನಮ್ಮ ಹಾಲ್‌ನಲ್ಲಿ ಟಿವಿ ಹಿಂದೆ ಒಂದು ಸಣ್ಣ ಪಿಸಿ ಕೂತಿದೆ, ಅದರಲ್ಲಿ ಬಝೈಟ್ ಅನ್ನುವ ಲಿನಕ್ಸ್ ಹಾಕಿದ್ದೇನೆ. ಆನ್ ಮಾಡಿದರೆ ನೇರ ಸ್ಟೀಮ್‌ನ ದೊಡ್ಡ ಅಕ್ಷರದ ಸ್ಕ್ರೀನ್ ಬರುತ್ತದೆ, ಕೀಬೋರ್ಡ್ ಬೇಡ. ಸಂಜೆ ಅಮ್ಮ ಯೂಟ್ಯೂಬ್‌ನಲ್ಲಿ ತಾಳಮದ್ದಳೆ ಹಾಕಬೇಕು ಅಂದರೆ ನಾನು ಕೈಯಲ್ಲಿರುವ ಗೇಮ್ ಪ್ಯಾಡ್‌ನ ಬಟನ್ ಒತ್ತಿ ಗೇಮ್ ನಡುವಲ್ಲೇ ಸ್ಲೀಪ್ ಮಾಡುತ್ತೇನೆ. ರಾತ್ರಿ ಎಬ್ಬಿಸಿದರೆ ನಿಂತ ಜಾಗದಿಂದಲೇ ಮುಂದುವರಿಯುತ್ತದೆ. ಆದರೆ ಎಬ್ಬಿಸಲು ಎದ್ದು ಹೋಗಿ ಪಿಸಿಯ ಬಟನ್ನೇ ಒತ್ತಬೇಕು, ಮತ್ತೆ ರಿಮೋಟ್ ಹುಡುಕಿ ಟಿವಿಯನ್ನು ಎಚ್‌ಡಿಎಂಐ ಎರಡಕ್ಕೆ ತರಬೇಕು. ಯಾಕೆಂದರೆ ಸಾಧಾರಣ ಗ್ರಾಫಿಕ್ಸ್ ಕಾರ್ಡ್‌ಗಳಿಗೆ ಟಿವಿಯ ಜೊತೆ ಮಾತಾಡುವ ಸಿಇಸಿ ಸೌಲಭ್ಯ ಇರುವುದಿಲ್ಲ, ಬ್ಲೂಟೂತ್ ಪ್ಯಾಡ್‌ನಿಂದ ಎಬ್ಬಿಸುವುದು ಒಂದು ಮದರ್‌ಬೋರ್ಡ್‌ನಲ್ಲಿ ಆಗುತ್ತದೆ, ಇನ್ನೊಂದರಲ್ಲಿ ಇಲ್ಲ. ಸ್ಟೀಮ್ ಮಶೀನ್‌ನಲ್ಲಿ ಇದೆರಡೂ ಉಂಟು. ಪ್ಯಾಡ್ ಒತ್ತಿದರೆ ಡಬ್ಬವೂ ಎದ್ದೇಳುತ್ತದೆ, ಟಿವಿಯೂ ಆನ್ ಆಗಿ ಸರಿಯಾದ ಇನ್‌ಪುಟ್‌ಗೆ ಬರುತ್ತದೆ. ಕನ್ಸೋಲ್ ಅನ್ನುವುದು ಇದಕ್ಕೇ ಅಲ್ವಾ. ಮನೆಯಲ್ಲಿ ನಾಲ್ಕು ಜನ ಒಂದೇ ಟಿವಿ ಬಳಸುವಾಗ ಗ್ರಾಫಿಕ್ಸ್‌ಗಿಂತ ಇದೇ ಜಾಸ್ತಿ ಉಪಕಾರಕ್ಕೆ ಬರುತ್ತದೆ.

ಹಾಗಾದರೆ ಅದನ್ನೇ ತರಿಸಬಾರದಾ? ನಿಮ್ಮ ಮನೆಗೆ ಬೇಡ ಅನ್ನುತ್ತೇನೆ.

ಮೊದಲು ತಮ್ಮನ ವಿಷಯ. ವ್ಯಾಲರೆಂಟ್ ಲಿನಕ್ಸ್‌ನಲ್ಲಿ ಓಡುವುದಿಲ್ಲ. ಅದರ ವ್ಯಾನ್‌ಗಾರ್ಡ್ ಅನ್ನುವ ಕಾವಲು ಸಾಫ್ಟ್‌ವೇರ್ ವಿಂಡೋಸ್‌ನ ಒಳಗೇ, ಕರ್ನಲ್ ಅನ್ನುವ ತೀರಾ ಒಳಗಿನ ಮಟ್ಟದಲ್ಲಿ ಕೂತು ಮೋಸ ಹಿಡಿಯುತ್ತದೆ. ಪ್ರೋಟಾನ್ ಎಷ್ಟೇ ಒಳ್ಳೆಯದಿದ್ದರೂ ಅಲ್ಲಿ ಅದರ ಆಟ ನಡೆಯುವುದಿಲ್ಲ. ಎಫ್‌ಸಿಯ ಕಥೆಯೂ ಅದೇ. ಅದನ್ನು ಮಾಡುವ ಈಎ ಕಂಪನಿಯವರ ಆಂಟಿಚೀಟ್, ಅಂದರೆ ಅಂಥದ್ದೇ ಕಾವಲು ಸಾಫ್ಟ್‌ವೇರ್, ಬಂದ ಮೇಲೆ ಲಿನಕ್ಸ್‌ನಲ್ಲಿ ಅದು ಬಂದ್. ಫೋರ್ಟ್‌ನೈಟ್ ಇಲ್ಲ, ಏಪೆಕ್ಸ್ ಲೆಜೆಂಡ್ಸ್ 2024ರ ಕೊನೆಗೆ ಬಾಗಿಲು ಹಾಕಿತು, ಜಿಟಿಎ ಆನ್‌ಲೈನ್ ಸಹ ಅದೇ ವರ್ಷ. ಕೌಂಟರ್ ಸ್ಟ್ರೈಕ್ 2 ಮತ್ತು ಡೋಟಾ 2 ಓಡುತ್ತವೆ, ಅವು ವಾಲ್ವ್‌ನದ್ದೇ. ಅಂದರೆ ಒಬ್ಬರೇ ಆಡುವ ಗೇಮ್‌ಗಳಿಗೆ, ಸೋಫಾದಲ್ಲಿ ಇಬ್ಬರು ಒಟ್ಟಿಗೆ ಕೂತು ಆಡುವ ಇಟ್ ಟೇಕ್ಸ್ ಟೂ, ಓವರ್‌ಕುಕ್ಡ್ ಅಂಥವಕ್ಕೆ ಈ ಡಬ್ಬ ಚಿನ್ನ. ಆನ್‌ಲೈನ್ ಸ್ಪರ್ಧೆಯ ದೊಡ್ಡ ಹೆಸರುಗಳಿಗೆ ಅಲ್ಲ. ಭಾನುವಾರ ತಮ್ಮನ ದೋಸ್ತಿಗಳು ಬಂದು ಎಫ್‌ಸಿ ಹಾಕಿ ಅಂದರೆ ಅಷ್ಟು ಖರ್ಚು ಮಾಡಿದ ಮಶೀನ್ ಎದುರಿಗೆ ಇದ್ದೂ ಹಾಕಲು ಆಗುವುದಿಲ್ಲ.

ಎರಡನೆಯದು ನಮ್ಮ ಊರಿನ ಕರೆಂಟ್ ಮತ್ತು ಗಾಳಿ. ವಾಲ್ವ್ ತನ್ನ ಯಂತ್ರಗಳನ್ನು ಭಾರತದಲ್ಲಿ ಅಧಿಕೃತವಾಗಿ ಮಾರುವುದಿಲ್ಲ, ಸ್ಟೀಮ್ ಡೆಕ್ ಸಹ ಇಲ್ಲಿ ಸಿಗುವುದು ಹೊರಗಿನಿಂದ ತಂದು ಮಾರುವವರ ಹತ್ತಿರ ಮಾತ್ರ. ವಾರಂಟಿ ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಸರ್ವೀಸ್ ಸೆಂಟರ್ ಇಲ್ಲ. ಪ್ರೊಸೆಸರ್, ಗ್ರಾಫಿಕ್ಸ್ ಎರಡೂ ಬೋರ್ಡಿಗೇ ಬೆಸುಗೆ ಹಾಕಿದ್ದು. ಬೆಂಗಳೂರಿನಲ್ಲಿದ್ದರೆ ಒಂದು ಧೈರ್ಯ ಮಾಡಬಹುದಿತ್ತೇನೋ. ಆದರೆ ಮೇ ತಿಂಗಳ ಸಿಡಿಲು ನಿಮಗೆ ನಾನು ಹೇಳಬೇಕಾ? ಎರಡು ಹನಿ ಬಿದ್ದ ಕೂಡಲೇ ಕರೆಂಟ್ ಹೋಗಿ, ಬಂದು, ಮತ್ತೆ ಹೋಗಿ, ಮೂರನೇ ಸಲ ಬರುವಾಗ ವೋಲ್ಟೇಜ್ ಎಷ್ಟು ಬರುತ್ತದೆ ಅಂತ ದೇವರಿಗೇ ಗೊತ್ತು. ಮಲ್ಪೆ, ಕಾಪು, ನಮ್ಮ ಸುರತ್ಕಲ್ ಕಡೆ ಉಪ್ಪು ಗಾಳಿ ಬೇರೆ. ನನ್ನ ಪಿಸಿ ಕ್ಯಾಬಿನೆಟ್‌ನ ಹಿಂದಿನ ಸ್ಕ್ರೂಗಳು ಮೊದಲ ಮಳೆಗಾಲ ಮುಗಿಯುವಾಗಲೇ ಕೆಂಪಾಗಿದ್ದವು. ತೆರೆದ ಸ್ಲಾಟ್‌ನ ಸಂದಿಯಲ್ಲಿ ಹಲ್ಲಿ ಹೋಗಿ ಕೂರುತ್ತದೆ, ಬಿಸಿ ಇರುತ್ತದಲ್ಲ. ಸಂದಿಗೆ ಜಾಲರಿ ಹಾಕಿದ್ದೇನೆ, ಮಳೆಗಾಲದಲ್ಲಿ ಆಡದಿದ್ದರೂ ದಿನಾ ಸ್ವಲ್ಪ ಹೊತ್ತು ಆನ್ ಇಡುತ್ತೇನೆ, ಒಳಗೆ ತೇವ ನಿಲ್ಲಬಾರದು ಅಂತ. ಪಿಸಿಯಾದರೆ ಪವರ್ ಸಪ್ಲೈ ಹೋದರೆ ಪವರ್ ಸಪ್ಲೈ ಮಾತ್ರ ಬದಲಿಸಬಹುದು, ಪೇಟೆಯಲ್ಲಿ ಅದೇ ದಿನ ಸಿಗುತ್ತದೆ. ದುಬೈಯಿಂದ ಬಂದ ಡಬ್ಬದ ಬೋರ್ಡ್ ಹೋದರೆ ಭಾವ ಮತ್ತೆ ರಜೆಯಲ್ಲಿ ಬರುವವರೆಗೆ ಕಾಯಬೇಕು. ಆಗಲೂ ಗ್ಯಾರಂಟಿ ಇಲ್ಲ.

ಈಗ ಮಾಡಬೇಕಾದದ್ದು. ನಿಮಗೆ ಬೇಕಾದ ಪಿಸಿ ಆಗಲೇ ಮೇಲಿನ ಕೋಣೆಯಲ್ಲಿ ಉಂಟು ಮಾರಾಯ್ರೇ! ಮೊದಲು ಅದನ್ನು ಟಿವಿಗೆ ತನ್ನಿ. ಆಂಡ್ರಾಯ್ಡ್ ಟಿವಿಯಾದರೆ ಸ್ಟೀಮ್ ಲಿಂಕ್ ಆ್ಯಪ್ ಹಾಕಿಕೊಳ್ಳಿ, ಫ್ರೀ. ಗೇಮ್ ಓಡುವುದು ತಮ್ಮನ ಪಿಸಿಯಲ್ಲಿ, ಚಿತ್ರ ಬರುವುದು ಹಾಲ್‌ನಲ್ಲಿ. ಆ ಪಿಸಿಯಲ್ಲಿ ವಿಂಡೋಸ್ ಇರುವುದರಿಂದ ಎಫ್‌ಸಿಯೂ ಟಿವಿಗೆ ಬರುತ್ತದೆ. ಅಷ್ಟು ದುಡ್ಡು ಕೊಟ್ಟು ತರಿಸಿದ ಮಶೀನ್‌ನಲ್ಲಿ ಆಗದ್ದು ಇದರಲ್ಲಿ ಆಗುತ್ತದೆ. ವ್ಯಾಲರೆಂಟ್ ಅವನು ಮೇಜಿನ ಮುಂದೆ ಮೌಸ್ ಹಿಡಿದೇ ಆಡಲಿ, ಅದಕ್ಕೆ ಸ್ಟ್ರೀಮಿಂಗ್ ಸರಿಯಲ್ಲ, ಸ್ವಲ್ಪ ತಡವಾದರೂ ಆಟ ಕೆಡುತ್ತದೆ.

ಒಂದೇ ಶರತ್ತು, ವೈಫೈ ನಂಬಬೇಡಿ. ನಿಮ್ಮದು ಕೆಂಪು ಕಲ್ಲಿನ ಗೋಡೆಯ ಮನೆಯಾದರೆ ಅಂತೂ ಬೇಡವೇ ಬೇಡ. ದಪ್ಪ ಗೋಡೆ ಎರಡು ದಾಟುವಷ್ಟರಲ್ಲಿ 5 ಗಿಗಾಹರ್ಟ್ಸ್ ಸಿಗ್ನಲ್ ಸೋತುಹೋಗುತ್ತದೆ, ಗೇಮ್ ನಡುವೆ ಚಿತ್ರ ಒಡೆದು ಚೌಕ ಚೌಕ ಕಾಣುತ್ತದೆ. ಪಿಸಿಯಿಂದ ರೂಟರಿಗೆ ಒಂದು, ರೂಟರಿಂದ ಟಿವಿಗೆ ಒಂದು ಕ್ಯಾಟ್6 ಲ್ಯಾನ್ ಕೇಬಲ್ ಎಳೆಯಿರಿ. ವಯರಿಂಗ್ ಮಾಡುವವರಿಗೆ ಹೇಳಿದರೆ ಪಿವಿಸಿ ಕೇಸಿಂಗ್‌ನಲ್ಲಿ ಚಂದ ಮಾಡಿ ಕೊಡುತ್ತಾರೆ. ಎಷ್ಟೋ ಟಿವಿಗಳ ಲ್ಯಾನ್ ಪೋರ್ಟ್ 100 ಎಂಬಿಪಿಎಸ್ ಮಾತ್ರ, ಅದರ ಚಿಂತೆ ಬೇಡ, 1080ಪಿ ಸ್ಟ್ರೀಮ್‌ಗೆ 20ರಿಂದ 30 ಎಂಬಿಪಿಎಸ್ ಸಾಕು. ಟಿವಿಯ ಸೆಟ್ಟಿಂಗ್‌ನಲ್ಲಿ ಗೇಮ್ ಮೋಡ್ ಆನ್ ಮಾಡಲು ಮರೆಯಬೇಡಿ. ಅದು ಆಫ್ ಇದ್ದರೆ ಟಿವಿ ಚಿತ್ರವನ್ನು ಚಂದ ಮಾಡುತ್ತಾ ಕೂರುತ್ತದೆ, ನೀವು ಬಟನ್ ಒತ್ತಿದ್ದು ತಡವಾಗಿ ಕಾಣುತ್ತದೆ, ಜನ ಬೈಯುವುದು ಸ್ಟ್ರೀಮಿಂಗ್‌ಗೆ.

ಇದರಲ್ಲಿ ಒಂದು ತೊಂದರೆ ಉಂಟು. ತಮ್ಮ ವ್ಯಾಲರೆಂಟ್ ಆಡುವಾಗ ನಿಮಗೆ ಟಿವಿಯಲ್ಲಿ ಆಡಲು ಆಗುವುದಿಲ್ಲ, ಪಿಸಿ ಒಂದೇ. ಅದು ದಿನಾ ಜಗಳಕ್ಕೆ ಬಂದರೆ ಆಗ ಹಾಲ್‌ಗೆ ಸ್ವಂತ ಸಣ್ಣ ಪಿಸಿ ಜೋಡಿಸಿ. ಅಂಗಡಿಯಲ್ಲಿ ಎನ್‌ವಿಡಿಯಾ ಕಾರ್ಡ್ ತೋರಿಸುತ್ತಾರೆ, ನೀವು ಎಎಂಡಿಯೇ ಕೇಳಿ. ಲಿನಕ್ಸ್‌ನ ಕನ್ಸೋಲ್ ಮೋಡ್ ಅದರಲ್ಲಿ ಜಾಸ್ತಿ ತಕರಾರಿಲ್ಲದೆ ಓಡುತ್ತದೆ. ಆರ್‌ಎಕ್ಸ್ 7600 ಹಾಕಿದರೆ ಸ್ಟೀಮ್ ಮಶೀನ್‌ನ ಹತ್ತಿರ ಹತ್ತಿರ ತಾಕತ್ತು ಬರುತ್ತದೆ. ದುಡ್ಡು ಇದ್ದರೆ 9060 ಎಕ್ಸ್‌ಟಿಯ 16 ಜಿಬಿ ಮಾಡೆಲ್ ತೆಗೆದುಕೊಳ್ಳಿ, ಹೊಸ ಗೇಮ್‌ಗಳಿಗೆ 8 ಜಿಬಿ ಈಗಲೇ ಬಿಗಿಯಾಗುತ್ತಿದೆ. ರ‍್ಯಾಮ್ ಬೆಲೆ 2025ರ ಕೊನೆಯಿಂದ ಏರಿದೆ, ಎಐ ಡೇಟಾ ಸೆಂಟರುಗಳು ಎಲ್ಲವನ್ನೂ ಎಳೆದುಕೊಳ್ಳುತ್ತಿವೆ. ಹಳೆ ಡಿಡಿಆರ್4 ರ‍್ಯಾಮ್ ಮನೆಯಲ್ಲಿ ಇದ್ದರೆ ಅದಕ್ಕೆ ಹೊಂದುವ ಬೋರ್ಡ್ ನೋಡುವುದು ಬುದ್ಧಿವಂತಿಕೆ. ಟಿವಿ ಯುನಿಟ್‌ನ ಮುಚ್ಚಿದ ಖಾನೆಯೊಳಗೆ ಪಿಸಿ ಇಡಬೇಡಿ, ಬಿಸಿಗೆ ಫ್ಯಾನ್ ಕೂಗುತ್ತದೆ. ಮನೆಯ ಇನ್‌ವರ್ಟರ್‌ನ ಹಿಂದೆ ಯುಪಿಎಸ್ ಮೋಡ್ ಅಂತ ಒಂದು ಸ್ವಿಚ್ ಇರುತ್ತದೆ, ಅದನ್ನು ಹಾಕಿಡಿ. ಸಾಧಾರಣ ಮೋಡ್‌ನಲ್ಲಿ ಬ್ಯಾಟರಿಗೆ ಬದಲಾಗುವಷ್ಟರಲ್ಲಿ ಪಿಸಿ ರೀಸ್ಟಾರ್ಟ್ ಆಗಿಬಿಡುತ್ತದೆ.

ಇನ್ನೊಂದು ಮಾತು, ಇದು ಯಾರೂ ಹೇಳುವುದಿಲ್ಲ. ಪಿಸಿ ಗೇಮ್‌ಗಳನ್ನು ಮಾಡಿರುವುದು ಎರಡು ಅಡಿ ದೂರದಲ್ಲಿ ಕೂತು ನೋಡುವವರಿಗೆ. ಸೋಫಾದಿಂದ ಅಕ್ಷರ ಓದಲು ಆಗದೆ ಕಣ್ಣು ಕಿರಿದು ಮಾಡಿ ಆಡಿದರೆ ಏನು ಸುಖ. ಸಿವಿಲೈಸೇಶನ್, ಏಜ್ ಆಫ್ ಎಂಪೈರ್ಸ್ ಅಂಥವು ಟಿವಿಗೆ ಕಷ್ಟವೇ. ಹಾಗಾಗಿ ನಿಮ್ಮ ಲೈಬ್ರರಿಯಲ್ಲಿ ಎಷ್ಟು ಗೇಮ್‌ಗೆ ಡೆಕ್ ವೆರಿಫೈಡ್ ಅನ್ನುವ ಹಸಿರು ಗುರುತು ಉಂಟು ನೋಡಿ. ಡೆಕ್‌ನ ಸಣ್ಣ ಸ್ಕ್ರೀನ್‌ನಲ್ಲಿ ಅಕ್ಷರ ಓದಲು ಆಗುತ್ತದಾ, ಬರೀ ಪ್ಯಾಡ್‌ನಲ್ಲಿ ಪೂರ್ತಿ ಆಡಬಹುದಾ ಅಂತ ಪರೀಕ್ಷೆ ಮಾಡಿ ಕೊಡುವ ಗುರುತು ಅದು. ಅಲ್ಲಿ ಪಾಸಾದದ್ದು ನಿಮ್ಮ ಹಾಲ್‌ನಲ್ಲೂ ಪಾಸಾಗುತ್ತದೆ.

ಪಿಎಸ್5 ನಾನು ಯಾರಿಗೆ ಹೇಳುತ್ತೇನೆ ಅಂದರೆ, ಸ್ಟೀಮ್‌ನಲ್ಲಿ ಏನೂ ಇಲ್ಲದವರಿಗೆ, ಮನೆಯಲ್ಲಿ ಎಫ್‌ಸಿ ಮತ್ತು ಒಂದೆರಡು ದೊಡ್ಡ ಗೇಮ್ ಮಾತ್ರ ಆಡುವವರಿಗೆ. ಹೊಸ ಗೇಮ್ ಐದು ಸಾವಿರದ ಹತ್ತಿರ ಇದ್ದರೂ ಡಿಸ್ಕ್ ಹಾಕುವ ಮಾಡೆಲ್ ಆದರೆ ಆಡಿ ಮುಗಿಸಿ ಮಾರಬಹುದು, ದೋಸ್ತಿಗಳ ಜೊತೆ ಬದಲಿಸಿಕೊಳ್ಳಬಹುದು. ಸ್ಟೀಮ್‌ನಲ್ಲಿ ಅದು ಆಗದು. ರಿಪೇರಿಗೆ ವಾರಂಟಿಯೂ ಇಲ್ಲಿನದ್ದೇ. ಆದರೆ ನಿಮ್ಮ ಹತ್ತಿರ ಒಂದು ರಾಶಿ ಗೇಮ್ ಆಗಲೇ ಉಂಟು, ಅವನ್ನೆಲ್ಲ ಬಿಟ್ಟು ಮತ್ತೆ ಮೊದಲಿಂದ ಖರೀದಿ ಶುರು ಮಾಡುವುದು ನನಗೆ ಸರಿ ಕಾಣುವುದಿಲ್ಲ.

ತಮ್ಮನ ಪಿಸಿಯಲ್ಲಿ ಯಾವ ಕಾರ್ಡ್ ಉಂಟು, ಟಿವಿ ಯಾವ ಮಾಡೆಲ್ ಅಂತ ಕಮೆಂಟ್‌ನಲ್ಲಿ ಹಾಕಿ. ಸ್ಟ್ರೀಮಿಂಗ್‌ಗೆ ಯಾವ ಸೆಟ್ಟಿಂಗ್ ಇಡಬೇಕು ಅಂತ ನೋಡಿ ಹೇಳುತ್ತೇನೆ.